ಗಟ್ಟಿ ದಾರ

ಸೆಪ್ಟೆಂಬರ್ 4, ಗುರುವಾರ

ಬರೆಯಬೇಕಂತೆ. ದಿನಕ್ಕೊಂದು ಪುಟ. ಐದನೇ ಕ್ಲಾಸಿನಲ್ಲಿ ಸ್ಲೇಟು ಬಿಸಾಕಿ ಮರದ ಡಿಪೋ ಸೇರಿದವನಿಗೆ ಅರವತ್ತೇಳನೇ ವಯಸ್ಸಿನಲ್ಲಿ ಹೋಂವರ್ಕು. ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಮಾಡಿಸುವ ವಿಮಲಾ ಅಂತ ಒಬ್ಬಳಿದ್ದಾಳೆ. ಚಿಕ್ಕ ವಯಸ್ಸು, ದೊಡ್ಡ ಅಧಿಕಾರ. ರಬ್ಬರ್ ಚೆಂಡು ಹಿಸುಕಿ ಅಂದಳು, ಹಿಸುಕಿದೆ. ಗೋಡೆಯ ಮೇಲೆ ಬೆರಳು ಹತ್ತಿಸಿ ಅಂದಳು, ಹಲ್ಲಿಯ ಹಾಗೆ ಹತ್ತಿಸಿದೆ. ಈಗ ಪೆನ್ನು ಹಿಡಿಯಬೇಕಂತೆ.

"ಏನಮ್ಮಾ ಬರೆಯೋದು?" ಎಂದು ತಮಿಳಿನಲ್ಲಿ ಕೇಳಿದೆ.

"ಏನು ಬೇಕಾದ್ರೂ ಬರೀರಿ ಅಯ್ಯಾ, ನಿಮ್ಮ ಕನ್ನಡದಲ್ಲೇ ಬರೀರಿ. ನನಗೆ ಓದೋಕೆ ಬರಲ್ಲ. ಪುಟ ತುಂಬಿದೆಯಾ ಅಂತ ಮಾತ್ರ ನೋಡ್ತೀನಿ."

ಓದುವವರಿಲ್ಲದ ಮೇಲೆ ಬರೆಯುವುದು ಯಾತಕ್ಕೆ? ಕೇಳಿದರೆ ನಗುತ್ತಾಳೆ. ನಡುಬೆರಳೂ ಉಂಗುರದ ಬೆರಳೂ ಗೂಟ ಹೊಡೆದ ಹಾಗೆ ನಿಂತಿವೆ. ಅಕ್ಷರ ಕೋಳಿ ಕೆದರಿದ ಹಾಗಿದೆ. ಸಾಕು.

ಸೆಪ್ಟೆಂಬರ್ 5, ಶುಕ್ರವಾರ

ಪುಟ ತುಂಬಲಿಲ್ಲ. ಏನು ಮಾಡುತ್ತಾಳೋ ಮಾಡಲಿ.

ಸೆಪ್ಟೆಂಬರ್ 8, ಸೋಮವಾರ

ವಿಮಲಾ ಬೈದಳು. ಬರೆಯಲು ಏನೂ ಇಲ್ಲ ಅಂದೆ. "ಕೈ ಮುರಿದದ್ದು ಹೇಗೆ ಅಂತಾದ್ರೂ ಬರೀರಿ" ಅಂದಳು. ಬರೆಯುತ್ತೇನೆ, ತಗೋ.

ಮೈಲಾಪೂರಿನ ಒಂದು ಮನೆಗೆ ಊಂಜಲ್ ಮಾಡುತ್ತಿದ್ದೆ. ಊಂಜಲ್ ಅಂದರೆ ನಡುಮನೆಯಲ್ಲಿ ಸರಪಳಿಗೆ ತೂಗುಹಾಕುವ ತೇಗದ ಉಯ್ಯಾಲೆ. ಈ ಊರಿಗೆ ಬಂದು ನಾನು ಕಲಿತ ಕೆಲಸ ಅದೊಂದೇ. ಮನೆಯ ಮುಂದಿನ ತಗಡಿನ ಶೆಡ್ಡೇ ನನ್ನ ಕಾರ್ಖಾನೆ. ಹಲಗೆ ನೆಲದ ಮೇಲಿತ್ತು. ಕೊಂಡಿಗೆ ತೂತು ಹಾಕಲು ಡ್ರಿಲ್ ಮೆಷಿನ್ ಹಿಡಿದು ಬಗ್ಗಿದೆ. ದಪ್ಪ ಹಲಗೆ, ತೂತು ಕೊರೆಯುವ ಬಿಟ್ ಇಳಿಯಲು ಹೊತ್ತು ಹಿಡಿಯುತ್ತದೆ. ಸ್ವಿಚ್ ಒತ್ತಿಕೊಂಡೇ ಇದ್ದರೆ ಬೆರಳು ನೋಯುತ್ತದೆಂದು ಪಕ್ಕದ ಲಾಕ್ ಗುಂಡಿ ಒತ್ತಿದೆ. ಅದನ್ನು ಒತ್ತಿದರೆ ಬೆರಳು ತೆಗೆದರೂ ಮೆಷಿನ್ ತಾನೇ ತಿರುಗುತ್ತಿರುತ್ತದೆ. ಎಲ್ಲರೂ ಒತ್ತುತ್ತಾರೆ.

ಬಗ್ಗಿದಾಗ ಅಂಗಿಯೊಳಗಿಂದ ಲಿಂಗದ ಕರಡಿಗೆ ಹೊರಕ್ಕೆ ಜೋತುಬಿತ್ತು. ಅದನ್ನು ಕೊರಳಿಗೆ ಕಟ್ಟಿದ ಶಿವದಾರ ಬಿಟ್ಟಿಗೆ ಸುತ್ತಿತು. ಮುಂದಿನದೆಲ್ಲ ಒಂದೇ ಏಟಿಗೆ. ಕೊರಳು ಮೆಷಿನ್ನಿನ ಕಡೆಗೆ ಹೋಯಿತು. ಬಿಡಿಸಿಕೊಳ್ಳಲು ಬಲಗೈ ಹಾಕಿದೆ, ಅದನ್ನೂ ಎಳೆದುಕೊಂಡಿತು. ಬೆರಳು ತೆಗೆದಿದ್ದೆ, ಆದರೂ ಅದು ತಿರುಗುತ್ತಲೇ ಇತ್ತು. ಕೂಗಲು ಗಂಟಲಿಲ್ಲ. ಸಿದ್ಧಲಿಂಗೇಶ ಓಡಿ ಬಂದು ಪ್ಲಗ್ ಕಿತ್ತ, ಉಳಿ ತಗೊಂಡು ದಾರ ಕುಯ್ದ. ಇವನು ನನ್ನ ತಮ್ಮನ ಮಗ. ತಮ್ಮ ಹೋದ ಮೇಲೆ ನಮ್ಮ ಕೈಯಲ್ಲೇ ಬೆಳೆದವನು. ನಮಗೆ ಬೇರೆ ಮಕ್ಕಳಿಲ್ಲ.

ಮೆಷಿನ್ನೇ ದರಿದ್ರದ್ದು. ಹಳೆಯದಕ್ಕೆ ಇಷ್ಟು ಆವೇಶ ಇರಲಿಲ್ಲ. ಇದನ್ನು ತಂದವನು ಅವನೇ. ಹೇಳಿದರೆ ಮುಖ ಊದಿಸುತ್ತಾನೆ.

ತುಂಬಿತಲ್ಲ ಪುಟ?

ಸೆಪ್ಟೆಂಬರ್ 11, ಗುರುವಾರ

ಮನೆಯಲ್ಲಿ ಕೂರಲು ಆಗುವುದಿಲ್ಲ. ಕೂತರೆ ಫ್ಯಾನಿನ ಸದ್ದು, ಎದ್ದರೆ ಹೆಂಡತಿ ಗಂಗಮ್ಮನ ಸದ್ದು. ಬಾಗಿಲ ತನಕ ಹೋಗುತ್ತೇನೆ, ಬರುತ್ತೇನೆ. ಕೊರಳಿನ ಗಾಯ ಒಣಗಿ ಕೆರೆತ. ಟವೆಲ್ ಸುತ್ತಿಕೊಂಡರೆ ಸೆಕೆ, ತೆಗೆದರೆ ಬಂದವರೆಲ್ಲ ಬಗ್ಗಿ ಬಗ್ಗಿ ನೋಡುತ್ತಾರೆ.

ಇವತ್ತು ಬಗ್ಗಿ ನೋಡಿದವನು ಗುರುಚರಣ, ಹೆಂಡತಿಯ ತಮ್ಮ. ತ್ರಿಪ್ಲಿಕೇನಿನಲ್ಲಿ ಮೆಸ್ ನಡೆಸುತ್ತಾನೆ. ಗಂಗಮ್ಮ ಶುರು ಮಾಡಿದಳು. ಬಂದವರಿಗೆಲ್ಲ ಅದೇ ಕಥೆ.

"ಲಿಂಗಪ್ಪನೇ ಕಾಪಾಡಿದ್ದು ಕಣೋ ಗುರು. ಇವರ ಹಳೇ ನೂಲಿನ ದಾರ ಈ ಊರಿನ ಬೆವರಿಗೆ ಲಡ್ಡಾಗಿತ್ತು. ಲೋಕಲ್ ಟ್ರೇನಿಂದ ಇಳೀವಾಗ ಯಾರದೋ ಬ್ಯಾಗು ಹಿಂಗೆ ತಾಕ್ತು ನೋಡು, ಪಟಕ್ ಅಂತ ಕಿತ್ತೋಯ್ತು! ತಾಂಬರಂ ಪ್ಲಾಟ್‌ಫಾರಂ ಮೇಲೆ ಲಿಂಗ ಉರುಳ್ತು. ನನ್ನ ಜೀವ ಬಾಯಿಗೆ ಬಂದಿತ್ತು. ಅವತ್ತೇ ಹೋಗಿ ನೈಲಾನ್ ದಾರ ತಂದೆ. ಕಾಲಲ್ಲಿ ಮೆಟ್ಟಿ ಎಳೆದು ನೋಡೇ ತಂದಿದ್ದು. ಇವರಿಗೊಂದು, ಸಿದ್ಧೂಗೊಂದು. ಈಗ ನೋಡು, ಅಷ್ಟು ದೊಡ್ಡ ಮೆಷಿನ್ನು ಎಳೀತು, ದಾರ ಕಿತ್ತೋಯ್ತಾ? ಲಿಂಗ ಅಂಗ ಬಿಡ್ಲಿಲ್ಲ. ಅದಕ್ಕೇ ಉಳಕೊಂಡ್ರು."

"ಅಕ್ಕ ಹಾಕಿದ ಗಂಟು ಅಂದ್ರೆ ಸುಮ್ನೇನಾ? ಭಾವನ್ನೇ ಇಷ್ಟು ವರ್ಷ ಬಿಚ್ಚದಂಗೆ ಕಟ್ಟಿ ಹಾಕಿದೀಯಲ್ಲ" ಎಂದ ಗುರುಚರಣ.

ಇಬ್ಬರೂ ನಕ್ಕರು. ನನಗೆ ಯಾಕೋ ರೇಗಿತು. ಕಾಫಿ ತಣ್ಣಗಿದೆ ಎಂದು ಕೂಗಾಡಿದೆ. ಕಾಫಿ ಬಿಸಿಯಾಗಿಯೇ ಇತ್ತು.

ಸೆಪ್ಟೆಂಬರ್ 12, ಶುಕ್ರವಾರ

ಬೆಳಿಗ್ಗೆ ಶೆಡ್ಡಿಗೆ ಹೋದೆ. ಅವತ್ತಿನ ಡ್ರಿಲ್ಲನ್ನು ಸಿದ್ಧಲಿಂಗೇಶ ಹಾಗೇ ಬೆಂಚಿನ ಕೆಳಗೆ ತಳ್ಳಿದ್ದಾನೆ. ತೊಳೆದೂ ಇಲ್ಲ, ಒರೆಸಿಯೂ ಇಲ್ಲ. ಬಿಟ್ಟಿಗೆ ದಾರ ಸುತ್ತಿಕೊಂಡೇ ಇದೆ.

ಎಡಗೈಯಲ್ಲಿ ಬಿಚ್ಚಲು ನೋಡಿದೆ. ಬರುವುದಿಲ್ಲ. ಬಿಸಿಗೆ ಕರಗಿ ಕಬ್ಬಿಣಕ್ಕೆ ಅಂಟಿದೆ. ತಿರುಗಿಸಿ ತಿರುಗಿಸಿ ನೋಡಿದೆ. ಎಲ್ಲಿಯೂ ಹರಿದಿಲ್ಲ. ಉಳಿಯಲ್ಲಿ ಕುಯ್ದ ಕಡೆ ಬಿಟ್ಟರೆ ಒಂದು ಎಳೆಯೂ ಎದ್ದಿಲ್ಲ.

ಪ್ಲಾಟ್‌ಫಾರಂನಲ್ಲಿ ಒಂದು ಬ್ಯಾಗು ತಾಕಿದ್ದಕ್ಕೇ ನೂಲಿನ ದಾರ ಕಿತ್ತುಹೋಗಿತ್ತು.

ಮೆಷಿನ್ನಿಗೆ ಸಿಕ್ಕಿದ್ದು ಆ ದಾರವಾಗಿದ್ದರೆ ಪಟ್ ಅಂದು ಮುಗಿಯುತ್ತಿತ್ತು. ಕರಡಿಗೆ ಮರದ ಹೊಟ್ಟಿನಲ್ಲಿ ಬೀಳುತ್ತಿತ್ತು. ನಾನು ಎತ್ತಿಕೊಂಡು, ತೊಳೆದು, ಎರಡು ಬೈದು, ಇನ್ನೊಂದು ತೂತು ಹಾಕುತ್ತಿದ್ದೆ.

ಕೊರಳು ಎಳೆದದ್ದು ಆ ಗಟ್ಟಿ ದಾರ.

ಇನ್ನು ಬರೆಯುವುದಿಲ್ಲ.

ಸೆಪ್ಟೆಂಬರ್ 15, ಸೋಮವಾರ

ಗಂಗಮ್ಮನಿಗೆ ಹೇಳಲಿಲ್ಲ. ಏನಂತ ಹೇಳುವುದು? ಆಸ್ಪತ್ರೆಯಲ್ಲಿ ನನ್ನ ಕೈಗೆ ಕಂಬಿ ಹಾಕುವಾಗ ಲಿಂಗ ತೆಗೆಯಬೇಕು ಅಂದರು. ಇವಳು ಅದನ್ನು ಅಂಗೈಯಲ್ಲಿ ಹಿಡಿದು ಹೊರಗಿನ ಬೆಂಚಿನ ಮೇಲೆ ಕೂತಿದ್ದಳಂತೆ. ಮತ್ತೆ ನನ್ನ ಕೊರಳಿಗೆ ಬರುವ ತನಕ ನೀರು ಮುಟ್ಟಲಿಲ್ಲವಂತೆ. ನರ್ಸೇ ಹೇಳಿದ್ದು. ಅಂಥವಳ ಮುಂದೆ ನಿಂತು, ನೀನು ಕಟ್ಟಿದ ದಾರವೇ ನನ್ನನ್ನು ತಿನ್ನುತ್ತಿತ್ತು ಕಣೇ ಎನ್ನಲೇ?

ಉಪ್ಪಿಟ್ಟಿಗೆ ಉಪ್ಪು ಹಾಕಿರಲಿಲ್ಲ. ತಿಂದೆ.

"ಏನ್ರೀ, ಉಪ್ಪು ಕಮ್ಮಿ ಆಗಿಲ್ವಾ?"

"ಚೆನ್ನಾಗೈತೆ."

ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ವಲ್ಲ. ಬೈಯ್ಯೋಕೂ ಶಕ್ತಿ ಇಲ್ವಾ ನಿಮಗೆ? ಡಾಕ್ಟ್ರಿಗೆ ಹೇಳ್ಬೇಕು ಇದನ್ನ" ಎಂದಳು.

ಸಿದ್ಧಲಿಂಗೇಶ ಇವತ್ತು ಶೆಡ್ಡು ತೆರೆದ. ಮೈಲಾಪೂರಿನವರು ವಿಜಯದಶಮಿಗೆ ಊಂಜಲ್ ಬೇಕೇ ಬೇಕು ಎನ್ನುತ್ತಿದ್ದಾರೆ. ಹೊಸ ಡ್ರಿಲ್ ತಂದಿದ್ದಾನೆ. ಗೋಡೆಯಾಚೆ ಸದ್ದು. ಬೆರಳಲ್ಲಿ ಒತ್ತಿ ಓಡಿಸಿದರೆ ಮೆಷಿನ್ ಏರುತ್ತದೆ, ಇಳಿಯುತ್ತದೆ, ಮನುಷ್ಯ ಮಾತಾಡಿದ ಹಾಗೆ. ಲಾಕ್ ಹಾಕಿದರೆ ಒಂದೇ ಶ್ರುತಿ. ಬೆಳಿಗ್ಗೆಯಿಂದ ಒಂದೇ ಶ್ರುತಿ. ಅದು ನಿಲ್ಲುವ ತನಕ ನಾನೂ ಉಸಿರು ಬಿಡುವುದಿಲ್ಲ. ನಿಂತರೆ, ಯಾಕೆ ನಿಂತಿತು ಎಂದು ಏಳುತ್ತೇನೆ.

ಸೆಪ್ಟೆಂಬರ್ 17, ಬುಧವಾರ

ಸಿದ್ಧಲಿಂಗೇಶನಿಗೆ ಹೇಳಿಯೇಬಿಡೋಣ ಎಂದು ಹೋದೆ. ಬಗ್ಗಿ ಕೆಲಸ ಮಾಡುತ್ತಿದ್ದ. ಬನಿಯನ್ನಿನ ಮೇಲೆ ಕರಡಿಗೆ ಗಡಿಯಾರದ ಲೋಲಕದ ಹಾಗೆ ಆಡುತ್ತಿತ್ತು.

"ಒಳಗೆ ಹಾಕ್ಕೊಳ್ಲಾ ಅದನ್ನ."

"ಹಾಕ್ಕೊಂಡೆ ದೊಡ್ಡಪ್ಪ. ಬಗ್ಗಿದ್ರೆ ಬಂದ್ಬಿಡತ್ತೆ. ವೇರ್ವೆ ಬೇರೆ." ಅವನಿಗೆ ಬೆವರು ಎನ್ನಲು ಬರುವುದಿಲ್ಲ, ತಮಿಳಿನಲ್ಲೇ ವೇರ್ವೆ ಎನ್ನುತ್ತಾನೆ.

"ಲಾಕ್ ಹಾಕ್ಬ್ಯಾಡ."

"ಸೆರಿ."

"ದಾರ ಬದಲಾಯಿಸು. ನೂಲಿಂದು ಹಾಕ್ಕೋ."

ಮೆಷಿನ್ ನಿಲ್ಲಿಸಿ ನನ್ನನ್ನೇ ನೋಡಿದ. "ಯಾಕೆ? ದೊಡ್ಡಮ್ಮ ದಿನಾ ಬೆಳಿಗ್ಗೆ ಗಂಟು ಹಿಡಿದು ನೋಡ್ತಾರೆ. ಬೇರೆ ಹಾಕ್ಕೊಂಡ್ರೆ ಕೇಳಲ್ವಾ? ಏನಂತ ಹೇಳ್ಲಿ?"

"ಹೇಳಿದಷ್ಟು ಮಾಡೋ ಕತ್ತೆ" ಎಂದು ಬಂದೆ. ಹಿಂದಿನಿಂದ "ದೊಡ್ಡಪ್ಪ ಪಳಯಪಡಿ ಆಗ್ಬಿಟ್ರು, ಇನ್ನು ಭಯ ಇಲ್ಲ" ಎಂದು ನಕ್ಕ. ಮೊದಲಿನಂತೆ ಆದರು ಅಂತೆ.

ಸೆಪ್ಟೆಂಬರ್ 19, ಶುಕ್ರವಾರ

ವಿಮಲಾ ಪುಟ ತಿರುವಿ, "ಅಯ್ಯಾ, ಅಂಚಿನಲ್ಲೂ ಬರೆದಿದ್ದೀರಲ್ಲ! ಏನು ಅಷ್ಟೊಂದು?" ಎಂದಳು. ನಿನ್ನನ್ನೇ ಬೈದು ಬರೆದಿದ್ದೇನೆ ಎಂದೆ. ಬೆರಳು ಮಡಿಸಿ ನೋಡಿ, ಪರವಾಗಿಲ್ಲ ಎಂದಳು. ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಮೆಷಿನ್ನಿಗೆ ಸಿಕ್ಕವರೇ ಅಂತೆ. ಸಿಕ್ಕಿಕೊಂಡದ್ದು ಒಬ್ಬಾತನ ಅಂಗಿಯ ಸಡಿಲ ತೋಳು, ಒಬ್ಬಳ ದುಪಟ್ಟ, ಇನ್ನೊಬ್ಬಾತನ ಗ್ಲೌಸು. "ತಿರುಗೋದಕ್ಕೆ ಕಣ್ಣಿಲ್ಲ ಅಯ್ಯಾ, ಜೋತಾಡೋದನ್ನೆಲ್ಲ ಸುತ್ತಿಕೊಳ್ಳತ್ತೆ. ಬಟ್ಟೆ ಹರಿದುಹೋದರೆ ಬಚಾವ್, ಹರಿಯದಿದ್ದರೆ ಆಳು ಒಳಗೆ" ಎಂದಳು.

ನನಗೆ ಹೇಳುತ್ತಾಳೆ. ಗೊತ್ತಿಲ್ಲವೇ ನನಗೆ?

ವಾಪಸ್ ಬರುವಾಗ ರೈಲಿನಲ್ಲಿ ನಿಂತೇ ಇದ್ದೆ. ಸೀಟಿತ್ತು. ಕೂರಲು ಆಗಲಿಲ್ಲ.

ಸೆಪ್ಟೆಂಬರ್ 22, ಸೋಮವಾರ

ಆಯಿತು. ಬಾಯಿಂದ ಬಂದೇಬಿಟ್ಟಿತು.

ಮಧ್ಯಾಹ್ನ ಗೋಡೆಯಾಚೆ ಮತ್ತೆ ಅದೇ ಒಂದೇ ಶ್ರುತಿ. ತಡೆಯಲಾಗಲಿಲ್ಲ. ಚಪ್ಪಲಿಯೂ ಹಾಕದೆ ಓಡಿದೆ. ಹಲಗೆ ನೆಲದ ಮೇಲೆ. ಇವನು ಮೊಣಕಾಲೂರಿ ಅದರ ಮೇಲೆ ಪೂರ್ತಿ ಬಗ್ಗಿದ್ದಾನೆ. ಕರಡಿಗೆ ಬಿಟ್ಟಿನಿಂದ ಒಂದು ಗೇಣು ದೂರದಲ್ಲಿ ಆಡುತ್ತಿದೆ. ನಾನು ಪ್ಲಗ್ ಕಿತ್ತೆ. ಬಲಗೈಯಲ್ಲೇ ಕಿತ್ತೆನಂತೆ, ನನಗೆ ನೆನಪಿಲ್ಲ.

"ಏನ್ ದೊಡ್ಡಪ್ಪ ಇದು! ಬಿಟ್ ಒಳಗೇ ಸಿಕ್ಕೊಂಡಿತು ನೋಡಿ!"

"ಸಿಕ್ಕೊಳ್ಳಲಿ! ತೆಗಿ ಆ ದಾರಾನ!"

"ತೆಗೀ ಅಂದ್ರೆ? ಮೈಮೇಲಿಂದ ಲಿಂಗ ತೆಗೀಬಾರ್ದು ಅಂತ ಹೇಳಿಕೊಟ್ಟೋರು ಯಾರು? ನೀವೇ ತಾನೆ? ಚಿಕ್ಕೋನಿದ್ದಾಗ ಸ್ನಾನಕ್ಕೆ ತೆಗೆದಿಟ್ಟೆ ಅಂತ ಬಾಸುಂಡೆ ಬರೋ ಹಂಗೆ ಹೊಡೆದೋರು?"

"ಲಿಂಗ ಅಲ್ಲಲೇ, ದಾರ! ದಾರ! ಅವತ್ತು ನನ್ನ ಎಳೆದಿದ್ದು ಆ ದಾರ! ನೂಲಿಂದಾಗಿದ್ರೆ ಕಿತ್ತೋಗಿರೋದು, ನಾನು ನೆಟ್ಟಗಿರ್ತಿದ್ದೆ! ನಿನ್ನ ದೊಡ್ಡಮ್ಮ ಹಾಕಿದ್ದಾಳಲ್ಲ, ಆನೆ ಕಟ್ಟೋ ದಾರ, ಅದು ಕಿತ್ತೋಗಲ್ಲ, ಕೊರಳನ್ನೇ ಕೀಳೋದು!"

ಅವನು ನನ್ನ ಹಿಂದೆ ನೋಡುತ್ತಿದ್ದ. ತಿರುಗಿದೆ. ಗಂಗಮ್ಮ ಮಜ್ಜಿಗೆ ತಂದು ಬಾಗಿಲಲ್ಲಿ ನಿಂತಿದ್ದಳು.

ಲೋಟಗಳನ್ನು ಹೊಸ್ತಿಲ ಮೇಲೆ ಇಟ್ಟಳು. ಒಂದು ತೊಟ್ಟೂ ಚೆಲ್ಲಲಿಲ್ಲ. ಹೋದಳು.

ಸೆಪ್ಟೆಂಬರ್ 23, ಮಂಗಳವಾರ

ಗಂಗಮ್ಮ ತಟ್ಟೆ ಇಟ್ಟು ಅಡುಗೆಮನೆಗೆ ಹೋಗುತ್ತಾಳೆ. ಬೈದರೂ ಪಾತ್ರೆ ತಿಕ್ಕುತ್ತಲೇ ಇರುತ್ತಾಳೆ.

ಸೆಪ್ಟೆಂಬರ್ 24, ಬುಧವಾರ

ಬೆಳಿಗ್ಗೆ ಪೂಜೆ ಮುಗಿಸಿ ಎದ್ದವಳು ನೇರ ಶೆಡ್ಡಿಗೆ ಹೋದಳು. ಇಷ್ಟು ವರ್ಷದಲ್ಲಿ ಒಳಗೆ ಕಾಲಿಟ್ಟವಳಲ್ಲ, ಬಾಗಿಲ ತನಕ ಮಾತ್ರ. ನಾನು ಹಿಂದೆ ಹೋದೆ. ಬೆಂಚಿನ ಕೆಳಗಿದ್ದ ಅವತ್ತಿನ ಡ್ರಿಲ್ ಎಳೆದು, ಸೆರಗಿನಿಂದ ಧೂಳು ಒರೆಸಿ, ಬೆಳಕಿಗೆ ಹಿಡಿದಳು. ನಾನು ನೋಡಿದ ಹಾಗೇ ತಿರುಗಿಸಿ ತಿರುಗಿಸಿ ನೋಡಿದಳು. ಉಗುರಿನಿಂದ ಕೆರೆದಳು.

"ಯಾವತ್ತು ಗೊತ್ತಾಯ್ತು ನಿಮಗೆ?"

"ಹೋದ ವಾರಕ್ಕಿಂತ ಮುಂಚೆ."

"ಯಾಕ್ರೀ ಹೇಳ್ಲಿಲ್ಲ?"

"ಹೇಳ್ಬೇಕು ಅಂತಲೇ ಇದ್ದೆ."

"ಒಂದು ಕಾಫಿ ತಣ್ಣಗಾದ್ರೆ ಬೀದಿಗೆ ಕೇಳೋ ಹಂಗೆ ಹೇಳ್ತೀರಾ. ಇದನ್ನ ಹೇಳೋಕೆ ಬಾಯಿ ಬರ್ಲಿಲ್ವಾ? ನಾನು ಬಂದೋರಿಗೆಲ್ಲ ಹೇಳ್ಕೊಂಡು ಕುಣೀತಿದ್ದೆ. ಕೇಳಿಸ್ಕೊಂಡು ಸುಮ್ನೆ ಕೂತಿದ್ರಿ." ಮತ್ತೆ ಆ ದಾರವನ್ನು ಕೆರೆದಳು. "ನಾನು ಅತ್ರೆ ಒಂದಿನ ಅಳ್ತಿದ್ದೆ. ಆ ಮಗು ಅದೇ ದಾರ ಹಾಕ್ಕೊಂಡು ಇಷ್ಟು ದಿನ ಇಂಥದ್ದನ್ನ ಹಿಡಿದಿದ್ದಾನಲ್ರೀ."

ಡ್ರಿಲ್ ಇಸಕೊಳ್ಳಲು ಕೈ ಚಾಚಿದೆ. ಕೊಡಲಿಲ್ಲ.

ಡ್ರಿಲ್ಲನ್ನು ಅಲ್ಲೇ ಇಟ್ಟು ಹೋದಳು. ಕೈಯೆಲ್ಲ ಗ್ರೀಸು. ಅದೇ ಕೈಯಲ್ಲಿ ಕಣ್ಣು ಒರೆಸಿಕೊಂಡಳು. ಕಪ್ಪಾಗಿದೆ ಎಂದು ಹೇಳಿದೆ. ಇರಲಿ ಬಿಡಿ ಎಂದಳು.

ಸೆಪ್ಟೆಂಬರ್ 26, ಶುಕ್ರವಾರ

ಎರಡು ದಿನದಿಂದ ಮನೆಯೆಲ್ಲ ದಾರ. ಪೂಜೆಗೆ ತಂದಿಟ್ಟ ನೂಲಿನ ಎಳೆ ಸೇರಿಸಿ ಹೊಸೆಯುತ್ತಾಳೆ, ಕಿಟಕಿ ಸರಳಿಗೆ ಕಟ್ಟುತ್ತಾಳೆ, ಎರಡು ಬೆರಳಲ್ಲಿ ಜಗ್ಗುತ್ತಾಳೆ. ಕಿತ್ತುಹೋಗದಿದ್ದರೆ ಒಂದೆಳೆ ತೆಗೆದು ಮತ್ತೆ ಹೊಸೆಯುತ್ತಾಳೆ. ಕೊನೆಗೆ ಒಂದು ಪಟ್ ಅಂತು. "ಹಾಂ, ಇಷ್ಟಿದ್ರೆ ಸಾಕು. ಕರಡಿಗೆ ಭಾರ ತಡೀತದೆ, ಮೆಷಿನ್ ಜಗ್ಗಿದ್ರೆ ತಡೆಯಲ್ಲ" ಎಂದಳು.

"ಬಿದ್ದರೆ?" ಎಂದೆ.

"ಬೀಳ್ಲಿ. ಎತ್ತಿ ತೊಳೆದು ಹಾಕ್ಕೊಳ್ಳೋದು. ಲಿಂಗಪ್ಪ ಸಿಟ್ಟು ಮಾಡ್ಕೊಳ್ಳೋಕೆ ನಿಮ್ಮ ಥರಾನಾ?"

ಬನಿಯನ್ನಿಗೆ ಒಳಗಡೆ ಎದೆಯ ಹತ್ತಿರ ಗುಂಡಿ ಹಾಕುವ ಜೇಬು ಹೊಲಿದಳು. ಕರಡಿಗೆ ಅದರೊಳಗೆ, ಮೇಲೆ ಅಂಗಿ. ನಾನು ಹಾಕಿಕೊಂಡು ಬಗ್ಗಿ, ಎದ್ದು, ಮತ್ತೆ ಬಗ್ಗಿ ತೋರಿಸಬೇಕಾಯಿತು. ಈಚೆ ಬರಲಿಲ್ಲ. ಅವಳು ನಕ್ಕಳು. ಯಾವ ಮಂಗನಾಟ ಇದು ಎಂದು ಬೈದೆ.

ಸಿದ್ಧಲಿಂಗೇಶ ಒಪ್ಪುವುದಿಲ್ಲ. ಜೇಬು ಬೇಡ, ಸೆಕೆ. ನೂಲು ಬೇಡ, ಬೀಳುತ್ತದೆ. "ಗಂಟು ಗಟ್ಟಿ ಇರ್ಬೇಕು ಅಂತ ನೀವೇ ಹೇಳಿ, ಈಗ ನೀವೇ ಕಿತ್ತೋಗೋದು ಕೊಡ್ತೀರಾ ದೊಡ್ಡಮ್ಮ? ದೊಡ್ಡಪ್ಪಂಗೆ ವಯಸ್ಸಾಯ್ತು, ಕೈ ನಡುಗ್ತು, ಅಷ್ಟೇ. ನಾನು ನೋಡ್ಕೊಂಡು ಮಾಡ್ತೀನಿ. ಮೈಲಾಪೂರ್ ಕೆಲಸ ಮುಗೀಲಿ, ಆಮೇಲೆ ಪಾಕ್ಕಲಾಂ." ಆಮೇಲೆ ನೋಡೋಣ ಅಂತೆ. ಗಂಗಮ್ಮ ಹೊಸೆದ ದಾರವನ್ನು ಅವನ ಮುಂದೆ ಹಿಡಿದುಕೊಂಡೇ ನಿಂತಿದ್ದಳು. ಅವನು ಅದನ್ನು ತೆಗೆದುಕೊಳ್ಳಲಿಲ್ಲ.

ನನಗೆ ವಯಸ್ಸಾಗಿದೆ. ಕೈ ನಡುಗಲಿಲ್ಲ.

ಸೆಪ್ಟೆಂಬರ್ 27, ಶನಿವಾರ

ಈ ಪುಟ ಸಿದ್ಧಲಿಂಗೇಶನಿಗೆ. ಎದುರು ನಿಂತು ಹೇಳಿದರೆ ನಾನು ಕೂಗುತ್ತೇನೆ, ಅವನು ಕೂಗುತ್ತಾನೆ, ಮಾತು ಎಲ್ಲಿಗೋ ಹೋಗುತ್ತದೆ. ಅವನಿಗೆ ಕನ್ನಡ ಓದಲು ಬರುವುದಿಲ್ಲ. ದೊಡ್ಡಮ್ಮ ಓದಿ ಹೇಳುತ್ತಾಳೆ. ಅವಳು ಓದುವಾಗ ನಡುವೆ ಬಾಯಿ ಹಾಕಬಾರದು.

ಸಿದ್ಧೂ, ಬೆಳಿಗ್ಗೆ ಹೊಸ ಡ್ರಿಲ್ಲಿನ ವೈರಿನಿಂದ ಪ್ಲಗ್ ಬಿಚ್ಚಿ ತೆಗೆದವನು ನಾನು. ಇಲಿ ಕಚ್ಚಲಿಲ್ಲ, ಕಳ್ಳ ಬರಲಿಲ್ಲ. ಸ್ಕ್ರೂ ಸಣ್ಣದು, ಬಿಚ್ಚಲು ಹೊತ್ತು ಹಿಡಿಯಿತು, ಬಲಗೈಯಲ್ಲೇ ಬಿಚ್ಚಿದೆ. ಪ್ಲಗ್ ನನ್ನ ಜೇಬಿನಲ್ಲಿದೆ. ಬೇರೆ ಪ್ಲಗ್ ತಂದು ಹಾಕಿದರೆ ಅದನ್ನೂ ಬಿಚ್ಚುತ್ತೇನೆ. ನನಗೆ ಬೇರೆ ಕೆಲಸವಿಲ್ಲ.

ಮೈಲಾಪೂರಿನವರಿಗೆ ನಾನೇ ಫೋನ್ ಮಾಡಿದೆ. ಊಂಜಲ್ ವಿಜಯದಶಮಿಗೆ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದೆ. ಆ ಮನೆಯ ಯಜಮಾನಿ ಕೂಗಾಡಿದಳು. ನಾನು ಕೂಗಾಡಲಿಲ್ಲ. ಕೂಗಾಡಬೇಕು ಅನ್ನಿಸಲಿಲ್ಲ.

ಲಾಕ್ ಗುಂಡಿ ಮುಟ್ಟಬಾರದು. ಬೆರಳು ನೋವಾದರೆ ಮೆಷಿನ್ ಕೆಳಗಿಟ್ಟು ಬೆರಳು ಕೊಡವಿಕೋ. ಹಲಗೆಯನ್ನು ನೆಲದ ಮೇಲಲ್ಲ, ಬೆಂಚಿನ ಮೇಲೆ ಬಿಗಿದು ತೂತು ಹಾಕು, ಬಗ್ಗುವ ಕೆಲಸವೇ ಇಲ್ಲ. ಇಷ್ಟು ವರ್ಷ ನಾನು ನೆಲದ ಮೇಲೇ ಹಾಕಿದೆ ಎಂದು ಹೇಳಬೇಡ. ದೊಡ್ಡಮ್ಮನ ಜೇಬಿನ ಬನಿಯನ್ ಹಾಕಿಕೊ. ಅವಳು ಹೊಸೆದ ದಾರ ಹಾಕಿಕೊ. ಲಿಂಗ ಬಿದ್ದರೆ ಹೊಟ್ಟಿನಲ್ಲಿ ನಾನು ಹುಡುಕಿ ಕೊಡುತ್ತೇನೆ. ನೀನು ಬಿದ್ದರೆ ನಾನು ಎಲ್ಲಿ ಹುಡುಕಲಿ?

ಬುಧವಾರ ಆಯುಧ ಪೂಜೆ. ಮೆಷಿನ್ನಿಗೆ ವಿಭೂತಿ ಹಚ್ಚುವ ಮುಂಚೆ ನಿನ್ನ ಉತ್ತರ ಬರಬೇಕು. ಪಾಕ್ಕಲಾಂ ಎನ್ನುವುದು ಉತ್ತರವಲ್ಲ. ದಾರ ಹಾಕಿಕೊಳ್ಳುತ್ತೀಯೋ, ಇಲ್ಲವೋ. ಮೂವತ್ತನೇ ತಾರೀಖು ಮಂಗಳವಾರ ಸಾಯಂಕಾಲದೊಳಗೆ ನನ್ನೆದುರು ನಿಂತು ಹೇಳು.